ಮುತ್ತುರಾಜನ ಕೈ

ಮುತ್ತುರಾಜನ ಬಗ್ಗೆ ಬರೆಯಬೇಕಾದರೆ ಮೊದಲು ನನ್ನ ಹೇಸಿಗೆಯ ಬಗ್ಗೆ ಹೇಳಿಬಿಡಬೇಕು. ನನಗೆ ಹೇಸಿಗೆ ಬಲು ಬೇಗ ಹುಟ್ಟುತ್ತದೆ. ಬಸ್ಸಿನ ಕಂಬಿ ಹಿಡಿದರೆ ಕೈ ತೊಳೆಯುವ ತನಕ ಸಮಾಧಾನವಿಲ್ಲ. ಹೋಟೆಲಿನ ಲೋಟ ತುಟಿಗೆ ತಾಗಿಸಿದವಳಲ್ಲ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಮ್ಮನೂ ಹೀಗೆಯೇ, ನಲ್ಲಿಯನ್ನು ತೊಳೆದು ಆಮೇಲೆ ಕೊಡ ಹಿಡಿಯುವ ಜಾತಿ. ಇಂಥವಳಿಗೆ ಸಿಕ್ಕ ಕೆಲಸವೆಂದರೆ ಕೆಂಗೇರಿಯಾಚೆಯ ಒಂದು ಖಾಸಗಿ ಲ್ಯಾಬಿನಲ್ಲಿ ಗಂಡುಕುದುರೆಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವುದು. ಮನೆಯವರು ನೆಂಟರ ಮುಂದೆ, ನಮ್ಮ ಜಗದಾಂಬಾ ಯಾವುದೋ ರಿಸರ್ಚ್‌ನಲ್ಲಿದ್ದಾಳೆ ಎಂದು ಹೇಳಿ ಮಾತು ಬದಲಿಸುತ್ತಾರೆ.

ವೀರ್ಯದ ವಿಷಯದಲ್ಲಿ ನನಗೆ ಹೇಸಿಗೆಯಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗಾಜಿನ ಕೊಳವೆಗೆ ಬಂದ ಮೇಲೆ ಅದು ಬರೀ ಕೆಲಸ. ನನಗೆ ಹೇಸಿಗೆಯಾಗುತ್ತಿದ್ದದ್ದು ಮೊಟ್ಟೆಯನ್ನು ಕಂಡರೆ. ಚಳಿಗೆ ಜೀವಕಣಗಳು ಒಡೆಯದಿರಲಿ ಎಂದು ವೀರ್ಯಕ್ಕೆ ಮೊಟ್ಟೆಯ ಹಳದಿ ಭಾಗವನ್ನು ಬೆರೆಸುತ್ತಾರೆ. ಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿ ಮೊಟ್ಟೆಯನ್ನು ಮುಟ್ಟಿಯೇ ಇರದ ನಾನು ಮೊದಲ ದಿನ ಅದನ್ನು ಒಡೆದ ಕೂಡಲೇ ಸಿಂಕಿನತ್ತ ಓಡಿದೆ. ಆಗ ಕುದುರೆ ಲಾಯದಿಂದ ಒಳಗೆ ಬಂದವನು ಮುತ್ತುರಾಜ. ನಗಲಿಲ್ಲ. ಮೊಟ್ಟೆಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ. ಅಂದಿನಿಂದ ಮೂರು ವರ್ಷ ಮೊಟ್ಟೆ ಒಡೆದು, ಬಿಳಿಯನ್ನು ಬೇರೆ ಮಾಡಿ, ಹಳದಿಯನ್ನು ಕಾಗದದ ಮೇಲೆ ಉರುಳಿಸಿ ಪಸೆ ತೆಗೆದು ಕೊಡುವ ಕೆಲಸ ಅವನದಾಯಿತು. ನಾನು ಒಂದು ದಿನವೂ ಥ್ಯಾಂಕ್ಸ್ ಹೇಳಲಿಲ್ಲ.

ಅವನಿಗೆ ಐವತ್ತೆಂಟು ವರ್ಷ. ಅವನಪ್ಪ ಬಿನ್ನಿ ಮಿಲ್ಲಿನ ಗೇಟಿನ ಮುಂದೆ ಜಟಕಾ ಹೊಡೆಯುತ್ತಿದ್ದನಂತೆ. ಜಟಕಾ ಹೋಯಿತು, ಮಿಲ್ಲೂ ಹೋಯಿತು, ಕುದುರೆಯ ಕಸುಬು ಮಾತ್ರ ಮಗನಿಗೆ ಉಳಿಯಿತು. ಗಂಡುಕುದುರೆಗೆ ಬೆದೆಯ ಹೆಣ್ಣನ್ನು ದೂರದಿಂದ ತೋರಿಸಿ, ಅದು ದಿಂಬು ಸುತ್ತಿದ ಡಮ್ಮಿಯ ಮೇಲೆ ಏರುವಂತೆ ಮಾಡಿ, ವೀರ್ಯ ಹಿಡಿಯಲು ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಸರಿಯಾದ ಗಳಿಗೆಗೆ ಹಿಡಿಯುವುದು ಅವನ ಕೆಲಸ. ಕಾಲು ಬೀಸಿದರೆ ಪಕ್ಕೆಲುಬು ಪುಡಿ. ಅವನು ಬೈಯುತ್ತಿರಲಿಲ್ಲ, ಕೋಲು ಹಿಡಿಯುತ್ತಿರಲಿಲ್ಲ, ಕುದುರೆಯ ಕಿವಿಯ ಬಳಿ ಏನೋ ಗೊಣಗುತ್ತಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನನ್ನ ಮೂಗಿಗೆ ಬರುತ್ತಿದ್ದದ್ದು ಬೀಡಿ, ಬೆವರು ಮತ್ತು ಲದ್ದಿಯ ವಾಸನೆ ಮಾತ್ರ. ಬೆಳಿಗ್ಗೆ ನಾನು ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಅವನು ದೀಪಾಂಜಲಿ ನಗರದಲ್ಲಿ ಹತ್ತುತ್ತಿದ್ದ. ಅವನು ನನ್ನ ಪಕ್ಕಕ್ಕೆ ಬಂದು ನಿಲ್ಲುವ ಮುಂಚೆಯೇ ನಾನು ಹೆಂಗಸರ ಬೋಗಿಯ ಕಡೆ ನಡೆದುಬಿಡುತ್ತಿದ್ದೆ. ಶಾಲೆಯಲ್ಲಿ ಬಸವ ಜಯಂತಿಗೆ ಕಾಯಕದ ಮೇಲೆ ಭಾಷಣ ಮಾಡಿ ಸ್ಟೀಲ್ ತಟ್ಟೆ ಗೆದ್ದವಳು ನಾನು.

ಕಳೆದ ಚಳಿಗಾಲದಲ್ಲಿ ಮೋಹನ್ ಕುಮಾರ್ ಎಂಬ ಜಮೀನ್ದಾರರು ತಮ್ಮ ಮಾರ್ವಾಡಿ ತಳಿಯ ಕುದುರೆಯನ್ನು ತಂದರು. ಇಪ್ಪತ್ತೆರಡು ವರ್ಷದ ಮುದಿ ಪ್ರಾಣಿ, ಹಿಂಗಾಲಿನ ಕೀಲು ಊದಿಕೊಂಡಿತ್ತು. ಒಂದೇ ಒಂದು ಸಲ ಏರಬಹುದು, ಎರಡನೆಯ ಸಲ ಏರಿಸಿದರೆ ಕಾಲು ಮುರಿಯುತ್ತದೆ ಎಂದು ನಮ್ಮ ಡಾಕ್ಟರ್ ಪಂಚಾಕ್ಷರಿ ಮೊದಲೇ ತಿಳಿಸಿದ್ದರು. ಮುತ್ತುರಾಜನಿಗಂತೂ ಡಾಕ್ಟರು ಎಲ್ಲರೆದುರಿಗೇ ಹೇಳಿದ್ದರು, ಇವತ್ತು ಏನಾದರೂ ಕೆಟ್ಟರೆ ನಾಳೆಯಿಂದ ಬರುವುದು ಬೇಡ ಎಂದು. ಅವನು ತಲೆಯಾಡಿಸಿ ರಬ್ಬರ್ ಚೀಲವನ್ನು ಬಿಸಿನೀರಿನಲ್ಲಿ ತೊಳೆದು, ಸ್ಪಿರಿಟ್ ಸವರಿ, ನೇತುಹಾಕಿದ.

ಅದಾದ ಮೇಲೆ ಅವನು ಗೋಡೆಯ ಮೂಲೆಗೆ ಹೋಗಿ ಸಿಂಬಳ ತೆಗೆದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡದ್ದನ್ನು ನಾನು ಕಿಟಕಿಯಿಂದ ಕಂಡೆ. ಅದೇ ಕೈಯಲ್ಲಿ ಆ ಚೀಲವನ್ನು ತೊಳೆದಿದ್ದಾನೆ, ಅದರಿಂದ ಬಂದದ್ದನ್ನು ನಾನು ಮುಟ್ಟಬೇಕಲ್ಲಾ ಎನ್ನಿಸಿತು. ಸಿಂಬಳ ತೆಗೆದದ್ದು ಚೀಲ ತೊಳೆದ ಮೇಲೆ ಎಂಬ ಸಣ್ಣ ವಿಷಯ ತಲೆಗೆ ಹೋಗಲಿಲ್ಲ. ಅಡುಗೆ ಮೂಲೆಯಲ್ಲಿದ್ದ ಪಾತ್ರೆ ತೊಳೆಯುವ ನಿಂಬೆ ವಾಸನೆಯ ಲಿಕ್ವಿಡ್ ಸುರಿದು ಚೀಲವನ್ನು ಗಸಗಸ ಉಜ್ಜಿದೆ. ಒಂದು ಸಲ ನೀರು ಹಾಯಿಸಿ, ಒರೆಸಿ, ಮತ್ತೆ ಅಲ್ಲೇ ನೇತುಹಾಕಿದೆ. ಸೋಪು ಸೋಕಿದರೆ ವೀರ್ಯ ಅಲ್ಲೇ ಸಾಯುತ್ತದೆ. ಸೋಪು ಬಳಸಬಾರದೆಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಅಕ್ಷರ ಬಾರದ ಮುತ್ತುರಾಜ ಅದನ್ನು ಒಂದು ದಿನವೂ ಮೀರಿರಲಿಲ್ಲ.

ಕುದುರೆ ಏರಲು ಒಂದೂವರೆ ಗಂಟೆ ಹಿಡಿಯಿತು. ಕಾಲು ನಡುಗುತ್ತಿತ್ತು. ಮುತ್ತುರಾಜ ಅದರ ಹೊಟ್ಟೆಗೆ ತನ್ನ ಭುಜ ಕೊಟ್ಟು ಭಾರ ಹೊತ್ತು ನಿಂತ. ಚೀಲದ ತುದಿಯ ಕೊಳವೆ ತುಂಬಿತು. ಮೋಹನ್ ಕುಮಾರ್ ಕಣ್ಣೊರೆಸಿಕೊಂಡರು. ನಾನು ಒಳಗೆ ತಂದು ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅನ್ನದ ಗಂಜಿ ಕುದಿಯುವಂತೆ ಕಾಣಬೇಕಿತ್ತು. ಒಂದು ಜೀವಕಣವೂ ಅಲುಗಲಿಲ್ಲ. ಇನ್ನೊಂದು ಹನಿ ಹಾಕಿದೆ. ಅದೂ ಹಾಗೇ. ನನಗೆ ಆ ಕ್ಷಣವೇ ಗೊತ್ತಾಯಿತು.

ಡಾಕ್ಟರನ್ನು ಒಳಗೆ ಕರೆದು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಇಷ್ಟು ಮಾತ್ರ ನನ್ನ ಪಾಲಿನ ಮರ್ಯಾದೆ. ಅವರು ಬಾಗಿಲು ಮುಂದೆ ಮಾಡಿಕೊಂಡು, ದನಿ ತಗ್ಗಿಸಿ, ಮಗಳಿಗೆ ಬುದ್ಧಿ ಹೇಳುವವರ ಹಾಗೆ ಹೇಳಿದರು: "ಲ್ಯಾಬ್‌ನೋರು ತಪ್ಪು ಮಾಡಿದ್ರು ಅಂದ್ರೆ ನಾಳೆ ಯಾರೂ ಕುದುರೆ ತರಲ್ಲಮ್ಮ. ಕೆಲಸದೋನು ಸೋಪ್ ಹಾಕ್ದ ಅಂದ್ರೆ ಮುಗೀತು. ನೀನು ನಮ್ಮೋಳು, ಸುಮ್ನಿರು."

ನಮ್ಮೋಳು. ಆ ಮಾತು ಕೇಳಿ ನನಗೆ ಮೊಟ್ಟೆ ಒಡೆದ ದಿನಕ್ಕಿಂತ ಹೆಚ್ಚು ವಾಕರಿಕೆ ಬಂತು. ಆದರೂ ಸುಮ್ಮನಿದ್ದೆ. ಡಾಕ್ಟರು ಹೊರಗೆ ಹೋಗಿ ಮೋಹನ್ ಕುಮಾರರ ಎದುರಿಗೇ ಮುತ್ತುರಾಜನಿಗೆ ಬಾಯಿಗೆ ಬಂದಂತೆ ಬೈದರು. ಗಲೀಜು ಜನ, ಎಷ್ಟು ಹೇಳಿಕೊಟ್ಟರೂ ಅಷ್ಟೇ, ನಾಳೆಯಿಂದ ಬರಬೇಡ ಎಂದರು. ಅವನು ಆ ರಬ್ಬರ್ ಚೀಲವನ್ನು ನೀರಿನಲ್ಲಿ ಅದ್ದಿ ಹಿಸುಕುತ್ತ ನಿಂತಿದ್ದ. ಬಕೆಟ್ಟಿನ ಮೇಲೆ ನೊರೆ ಏಳುತ್ತಿತ್ತು. ಅವನು ಚೀಲವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ತಲೆಯೆತ್ತಿ ಕಿಟಕಿಯಲ್ಲಿದ್ದ ನನ್ನನ್ನು ನೋಡಿದ. ಆದರೂ ಡಾಕ್ಟರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಕೇಳುವವರಾದರೂ ಯಾರು?

ಸಂಜೆ ಅವನು ಬಟ್ಟೆಯ ಚೀಲ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದ. ನಾನು ಬೇರೆ ದಾರಿ ಹುಡುಕಿದೆ. ಇರಲಿಲ್ಲ.

"ಮೇಡಮ್, ನೀವು ಬೇಕಂತ ಮಾಡಿಲ್ಲ, ನಂಗೊತ್ತು," ಎಂದ. "ಒಂದೇ ಒಂದು ಕೇಳ್ತೀನಿ. ನನ್ ಕೈ ಅಷ್ಟು ಅಸಹ್ಯವಾಗಿತ್ತಾ ನಿಮ್ಗೆ?"

ಕೋಪದಲ್ಲಿ ಕೇಳಿದ್ದರೆ ನಾನೂ ಕೋಪ ಮಾಡಿಕೊಂಡು ಪಾರಾಗುತ್ತಿದ್ದೆ. ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ. ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅಂಗೈ ಸುಕ್ಕುಗಟ್ಟಿತ್ತು. ರಬ್ಬರಿಗೆ ಗೀರು ಬೀಳದಿರಲಿ ಎಂದು ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದ, ಎರಡರಲ್ಲಿ ರಕ್ತ ಒಣಗಿತ್ತು. ನನ್ನ ಕೈಗಿಂತ ಚೊಕ್ಕಟವಾಗಿದ್ದವು. ಮೂರು ವರ್ಷ ಹೇಸಿಕೊಂಡಿದ್ದ ಆ ಕೈಗಳನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು.

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಸುಳ್ಳು ಹೊರಡಲಿಲ್ಲ. ಅವನು ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಮೈಸೂರು ರಸ್ತೆಯ ಕಡೆ ನಡೆದ.