ಡಾಬಕಾದವರ ಪಾಳಿ

ಉಜ್ವಲಾ ಮಾಡುವ ಕೆಲಸ ಎಂಥದ್ದು ಎಂದು ಯಾರಾದರೂ ಕೇಳಿದರೆ ಅವಳ ತಾಯಿ, ಡಾಬಕಾದ ಕೌಸಲ್ಯಾಬಾಯಿ, "ನನ್ನ ಮಗಳು ಕಂಪ್ಯೂಟರ್‌ದಾಗ ಪಾಳಿ ಹಚ್ತಾಳ" ಎನ್ನುತ್ತಿದ್ದಳು. ಅದಕ್ಕಿಂತ ಸರಿಯಾಗಿ ಹೇಳುವುದು ಯಾರಿಗೂ ಆಗಲಿಕ್ಕಿಲ್ಲ. ಉಜ್ವಲಾ ಭಾಲ್ಕಿಯಿಂದ ದಿನಾ ಬಸ್ಸು ಹಿಡಿದು ಬೀದರಿಗೆ ಬರುತ್ತಾಳೆ. ಊರ ಹೊರಗಿನ ಕೊಳಾರದ ಒಂದು ಗೋದಾಮಿನ ಮೂಲೆಯ ಕೋಣೆಯಲ್ಲಿ ಕೂರುತ್ತಾಳೆ. ಔರಾದಿನ ತೊಗರಿ ಖರೀದಿ ಅಂಗಳದಲ್ಲಿ ಯಾರ ಚೀಲ ಮೊದಲು ತೂಗಬೇಕು ಎಂಬ ಪಟ್ಟಿ ತಯಾರಿಸುವ ಪ್ರೋಗ್ರಾಮು ಅವಳು ಬರೆದದ್ದು. ಮೂರು ವರ್ಷದಲ್ಲಿ ಅದು ಒಂದು ದಿನವೂ ತಪ್ಪಿರಲಿಲ್ಲ.

ಪೂರಾ ಅವಳೇ ಬರೆದಳು ಎಂದರೆ ಸುಳ್ಳಾದೀತು. ಹೆಸರುಗಳನ್ನು ಕ್ರಮವಾಗಿ ಜೋಡಿಸುವಂಥ ಕೆಲಸಕ್ಕೆ ಅವಳು ಒಂದು ಫಂಕ್ಷನಲ್ ಪ್ರೋಗ್ರಾಮಿಂಗ್ ಲೈಬ್ರರಿ ಬಳಸುತ್ತಿದ್ದಳು. ಎಲ್ಲೋ ಇರುವ, ಮುಖ ಕಾಣದ ಪುಣ್ಯಾತ್ಮರು ಬರೆದು ಬಿಟ್ಟಿಯಾಗಿ ಕೊಟ್ಟ ಸಿದ್ಧ ತುಣುಕುಗಳು ಅವು. ಆ ಪದ್ಧತಿಯಲ್ಲಿ ಅವಳ ಮನಸ್ಸು ಗೆದ್ದ ಮಾತು ಒಂದೇ: ಅದೇ ಕಾಳು ಹಾಕಿದರೆ ಅದೇ ಬೇಳೆ ಬರಬೇಕು. ಇಂದು ಒಂದು, ನಾಳೆ ಇನ್ನೊಂದು ಎಂಬ ನಖರಾ ಇಲ್ಲ.

ಒಂದು ಭಾನುವಾರ ಆ ಲೈಬ್ರರಿಯ ಹೊಸ ಆವೃತ್ತಿ ಬಂತು. 4.1.6 ಇದ್ದದ್ದು 4.1.7 ಆಗಿತ್ತು. ಮೊದಲ ಅಂಕಿ ಬದಲಾದರೆ ಹೆದರಬೇಕು, ಕೊನೆಯದು ಬದಲಾದರೆ ಸಣ್ಣಪುಟ್ಟ ದೋಷ ತಿದ್ದಿದ್ದಾರೆ ಅಷ್ಟೇ ಎಂಬುದು ಅವಳಿಗೆ ಗೊತ್ತಿತ್ತು. ಬದಲಾವಣೆಗಳ ಪಟ್ಟಿಯಲ್ಲಿ ಮೂರು ಸಾಲು ಓದಿದಳು, ಹಾಕಿಬಿಟ್ಟಳು. ಪೂರ್ತಿ ಯಾರು ಓದುತ್ತಾರೆ, ನೀವು ಓದುತ್ತೀರಾ?

ಸೋಮವಾರ ಹನ್ನೊಂದಕ್ಕೆ ಔರಾದಿನ ಗುಮಾಸ್ತ ನಂದಕುಮಾರನ ಫೋನು. "ಮೇಡಮರ, ಇಲ್ಲಿ ದೊಡ್ಡ ಗದ್ದಲ ಆಗ್ಯಾದ್ರಿ. ಎಲ್ಲಾರಕಿಂತ ಕಡೀಗಿ ಬಂದ ಡಾಬಕಾದವರ ಹೆಸರು ಪಟ್ಟಿದಾಗ ಎಲ್ಲಾರಕಿಂತ ಮುಂದ ಬಂದಾವ್ರಿ. ನಸುಕಿನಾಗ ಬಂದ ಸಂತಪುರದ ಬಸವಣ್ಣೆಪ್ಪನವರು ಕಡೀಗಿ ಬಿದ್ದಾರ. ನಿಮ್ಮ ಊರು ಡಾಬಕಾ ಅಂತ ಎಲ್ಲಾರಿಗಿ ಗೊತ್ತದ್ರಿ..."

ಮುಂದಿನ ಮಾತು ಅವನು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಮ್ಯಾನೇಜರ್ ರಶೀದ ಅಹ್ಮದ ಕೆಟ್ಟ ಮನುಷ್ಯನಲ್ಲ, ಆದರೆ ಅವನ ಫೋನೂ ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿತ್ತು. "ನಾಳೆ ಮಧ್ಯಾಹ್ನದೊಳಗ ರೈತರಿಗಿ ಜವಾಬು ಕೊಡಬೇಕ್ರಿ ಉಜ್ವಲಾ. ಇಲ್ಲಂದ್ರ ಕಂಪ್ಯೂಟರ್ ಬಂದ್, ಕೈಲೇ ಪಟ್ಟಿ. ಆಮ್ಯಾಲ ನಿಮ್ಮನ್ನ ಇಟ್ಕೋಳ್ಳಾದು ನನ್ನ ಕೈಯಾಗ ಇಲ್ಲ."

ಅವಳು ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ. ತಾನು ಬರೆದ ಸಾಲುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಕೊನೆಗೆ ಭಾನುವಾರ ಓದದೆ ಬಿಟ್ಟ ಪಟ್ಟಿ ತೆರೆದಳು. ಹನ್ನೊಂದನೆಯ ಸಾಲಿನಲ್ಲಿತ್ತು: ಸಮನಾದವುಗಳನ್ನು ಜೋಡಿಸುವಾಗ ಅವು ಬಳಸುವವರು ಕೊಟ್ಟ ಕ್ರಮಕ್ಕೆ ತಿರುವುಮುರುವಾಗಿ ಬರುತ್ತಿದ್ದವು, ಈ ದೋಷ ಸರಿಪಡಿಸಲಾಗಿದೆ.

ಅವಳ ಪ್ರೋಗ್ರಾಮು ಜೋಡಿಸುವುದು ಬಂದ ದಿನಾಂಕದ ಮೇಲೆ. ಒಂದೇ ದಿನ ಬಂದವರೆಲ್ಲ ಸಮ. ಅಂದರೆ ಇಷ್ಟು ದಿನ ಅವರ ಹೆಸರುಗಳು ಉಲ್ಟಾ ಬರುತ್ತಿದ್ದವು, ಈಗ ನೆಟ್ಟಗೆ ಬರುತ್ತಿವೆ. ಅಯ್ಯೋ, ಹಾಗಾದರೆ ಗದ್ದಲ ಆಗಬೇಕಾದದ್ದು ಇಷ್ಟು ದಿನ! ಉಲ್ಟಾ ಇದ್ದಾಗ ಎಲ್ಲರೂ ಖುಷಿಯಾಗಿದ್ದರು, ನೆಟ್ಟಗಾದ ದಿನ ಹೊಡೆದಾಟ. ತಪ್ಪೇ ಸರಿಯಿತ್ತೋ, ಸರಿಯೇ ತಪ್ಪೋ, ಅವಳಿಗೆ ತಲೆ ಗಿರ್ ಎಂದಿತು.

"ಹಳೇದೇ ಹಾಕಿಬಿಡ್ರಿ. ಯಂತ್ರ ಕೆಟ್ಟಿತ್ತು ಅಂದ್ರ ಮುಗೀತು," ಎಂದ ರಶೀದ ಅಹ್ಮದ.

"ಯಾಕ ಸರಿ ಬರ್ತಿತ್ತು ಅನ್ನಾದೇ ನನಗ ತಿಳಿವಲ್ದು ಸರ್. ತಿಳೀಲಾರದೆ ಅವರಿಗಿ ಏನಂತ ಹೇಳ್ಲಿ?"

ಮಂಗಳವಾರ ಬೆಳಿಗ್ಗೆ ಅವಳು ಔರಾದಿನ ಅಂಗಳದಲ್ಲಿದ್ದಳು. ಮೂರು ವರ್ಷದಲ್ಲಿ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಪಟ್ಟಿ ಕಳಿಸಿ "ಸರಿ ಅದನ್ರಿ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು, ನಂದಕುಮಾರ "ಬರೋಬ್ಬರಿ ಅದ್ರಿ" ಎನ್ನುತ್ತಿದ್ದ. ಅವಳ ಪರೀಕ್ಷೆ ಅಷ್ಟೇ.

ಅವನ ಮೇಜಿನ ಮೇಲೆ ಒಂದು ಮರದ ಹಲಗೆ, ಅದರಲ್ಲಿ ನೆಟ್ಟಗೆ ನಿಂತ ಒಂದು ಚೂಪು ತಂತಿ. ಬಂದ ರೈತನ ಚೀಟಿಯನ್ನು ನಂದಕುಮಾರ ಆ ತಂತಿಗೆ ಚುಚ್ಚುತ್ತಿದ್ದ. ಒಂಬತ್ತಕ್ಕೆ ಕಂಪ್ಯೂಟರ್ ಮುಂದೆ ಕೂತು ಮೇಲಿನಿಂದ ಒಂದೊಂದೇ ಕಿತ್ತು ಹೆಸರು ಹೊಡೆಯತೊಡಗಿದ. ಮೇಲೆ ಇರುವುದು ಯಾವುದು? ಕೊನೆಗೆ ಬಂದವನದು!

ಉಜ್ವಲಾ ಅವನ ಕೈ ಹಿಡಿದಳು. "ಮೊದಲಿಂದ ಹಿಂಗೇ ಮಾಡ್ತೀರೇನ್ರಿ?"

"ತಂತಿದಾಗಿಂದು ಮತ್ತ ಹ್ಯಾಂಗ ತೆಗೀಬೇಕ್ರಿ? ನಮ್ಮಪ್ಪನೂ ಹಿಂಗೇ ತೆಗೀತಿದ್ದ."

ನಂದಕುಮಾರ ಉಲ್ಟಾ ಹೊಡೆಯುತ್ತಿದ್ದ, ಲೈಬ್ರರಿ ಉಲ್ಟಾ ಜೋಡಿಸುತ್ತಿತ್ತು, ಎರಡು ಉಲ್ಟಾ ಸೇರಿ ಪಟ್ಟಿ ನೆಟ್ಟಗಾಗುತ್ತಿತ್ತು. ತನ್ನ ಜಾಣತನ ಎಂದು ಮೂರು ವರ್ಷ ಬೀಗಿದ್ದು ಇದಕ್ಕೇ! ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಹಿಂದಿನ ದಿನ ಪಾಳಿ ಸಿಗದೆ ಅಂದೂ ನಸುಕಿಗೇ ಬಂದಿದ್ದ ಬಸವಣ್ಣೆಪ್ಪನನ್ನು ಕರೆದು, ತಂತಿಯ ಚೀಟಿಗಳನ್ನೇ ತೋರಿಸಿ ಎಲ್ಲ ಹೇಳಿದಳು. ಮುದುಕ ಕೇಳಿ ಕೇಳಿ ರುಮಾಲು ತೆಗೆದು ತಲೆ ಕೆರೆದುಕೊಂಡ. "ಅಂದ್ರ ಮೂರು ವರ್ಸ ತಪ್ಪಿತ್ತು, ನಮಗ ಸರಿ ಆಗ್ತಿತ್ತು. ನಿನ್ನೆ ಸರಿ ಆಯ್ತು, ನಮಗ ತಪ್ಪಾಯ್ತು?"

"ಹೌದ್ರಿ ಕಾಕಾ."

"ಚೀಟಿ ಮಾತು ತಿಳೀತವ್ವಾ. ಆದ್ರ ನಿನ್ನೆ ನಿಮ್ಮ ಆಯಿನೇ ಎಲ್ಲಾರ ಮುಂದ 'ನನ್ನ ಮಗಳು ನನ್ನ ಸಲುವಾಗಿ ಮಾಡ್ಯಾಳ' ಅಂದಾಳಲ್ಲ? ಅದು ಯಾವ ತಂತಿದಾಗಿಂದು?"

ಅಷ್ಟರಲ್ಲಿ ಡಾಬಕಾದ ಟೆಂಪೊ ಬಂತು. ಹಿಂದಿನ ದಿನ ತರದೆ ಉಳಿದ ಚೀಲಗಳೊಂದಿಗೆ ಕೌಸಲ್ಯಾಬಾಯಿ ನಗುತ್ತ ಇಳಿದಳು. ಮಗಳು ಅವಳನ್ನು ಟೆಂಪೊದ ಮರೆಗೆ ಕರೆದೊಯ್ದು ನಡೆದದ್ದನ್ನು ಹೇಳಿದಳು.

"ಹಂಗಾದ್ರ ನನ್ನ ಸಲುವಾಗಿ ಮಾಡಿದ್ದಲ್ಲ?"

"ಅಲ್ಲ ಆಯಿ. ನಿನ್ನ ಹೆಸರು ಮುಂದ ಬಂದದ್ದೂ ನನಗ ಗೊತ್ತಿರಲಿಲ್ಲ."

ಕೌಸಲ್ಯಾಬಾಯಿಯ ಮುಖ ಸಣ್ಣದಾಯಿತು. "ಊರಾಗ ಮನಿ ಮನಿಗಿ ಹೇಳಿ ಬಂದೀನಲ್ಲೇ," ಎಂದಳು. ಆಮೇಲೆ ಸೀದಾ ಮೇಜಿಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆ ತನ್ನ ಚೀಟಿಯನ್ನು ತಾನೇ ತಂತಿಗೆ ಚುಚ್ಚಿದಳು. "ನನ್ನ ಹೆಸರು ಎಲ್ಲಾರ ಹಿಂದ ಕರೀಬೇಕು. ಮೈಕಿನಾಗ, ಜೋರಾಗಿ. ನೀನೇ ಕರೀಬೇಕು," ಎಂದಳು ಮಗಳತ್ತ ತಿರುಗಿ.

ಉಜ್ವಲಾ ಚೀಟಿಗಳ ಕಟ್ಟನ್ನು ತಿರುವಿ ಹಾಕಿ, ಕೆಳಗಿನದನ್ನು ಮೇಲೆ ಮಾಡಿ ನಂದಕುಮಾರನಿಗೆ ಕೊಟ್ಟಳು. ಮೊದಲ ಹೆಸರು ಬಸವಣ್ಣೆಪ್ಪನದು ಬಂತು. ಅವನ ತೂಕ ಹತ್ತಕ್ಕೇ ಮುಗಿದರೂ ಮುದುಕ ಮನೆಗೆ ಹೋಗಲಿಲ್ಲ, ಕೊನೆಯ ಹೆಸರು ಕೇಳಿಯೇ ಹೋಗುವವನಂತೆ ಬೇವಿನ ಕಟ್ಟೆಯ ಮೇಲೆ ಪಟ್ಟಾಗಿ ಕೂತುಬಿಟ್ಟ.

ಸಂಜೆ ಐದೂವರೆಗೆ ಅಂಗಳದಲ್ಲಿ ಉಳಿದದ್ದು ಎಂಟು ಚೀಲ ಮತ್ತು ಒಬ್ಬ ಹೆಂಗಸು. ಉಜ್ವಲಾ ಮೈಕು ಹಿಡಿದಳು.

"ಡಾಬಕಾದ ಕೌಸಲ್ಯಾಬಾಯಿ."

ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬಂದೀನ್ರಿ, ಮೇಡಮರ," ಎಂದಳು, ಕಟ್ಟೆಯ ಮೇಲಿನ ಮುದುಕನಿಗೂ ಕೇಳಿಸುವಷ್ಟು ಜೋರಾಗಿ.