ಜಾಡಿ ಮೇಷ್ಟ್ರು ಬರೆಯದೆ ಬಿಟ್ಟ ಹೆಸರು

ಅವರ ಬಿಳಿ ಅಂಗಿಯ ಎಡಜೇಬಿನ ಕೆಳಗೆ ಅಂಗೈ ಅಗಲದ ಒಂದು ಡೀಸೆಲ್ ಕಲೆ ಇತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಗೆರೆ ಹಾಕಿದ ಗಾಜಿನ ಜಾಡಿಯೊಂದನ್ನು ಅವರು ದಿನಾ ಎದೆಗೆ ಅವುಚಿಕೊಂಡೇ ಬಸ್ಸು ಹತ್ತುತ್ತಿದ್ದರು, ಹಸುಗೂಸನ್ನು ಎತ್ತಿಕೊಂಡ ಬಾಣಂತಿಯ ಹಾಗೆ. ನಾವು ಬಸ್ಸಿನವರೆಲ್ಲ ಅವರನ್ನು ಜಾಡಿ ಮೇಷ್ಟ್ರು ಎನ್ನುತ್ತಿದ್ದೆವು.

ಡೀಸೆಲ್ಲಿಗೆ ತತ್ವಾರ ಬಂದಿದ್ದ ಕಾಲ ಅದು, ಎಂಬತ್ತರ ಆಸುಪಾಸು. ಬೆಂಗಳೂರಿನ ಯಾವುದೋ ಕಾಲೇಜಿನಿಂದ ಬಂದಿದ್ದರು. ಯಾವ ರಸ್ತೆಯಲ್ಲಿ ಯಾವ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದೇ ಅವರ ಸಂಶೋಧನೆ. ನಮ್ಮ ಸಾಹುಕಾರರಿಗೆ ನಾಲ್ಕು ಬಸ್ಸು. ತಿಪಟೂರಿನಿಂದ ಶೆಟ್ಟಿಕೆರೆ ಮೇಲೆ ಚಿಕ್ಕನಾಯಕನಹಳ್ಳಿ, ಅಲ್ಲಿಂದ ಕಂದಿಕೆರೆ. ಆ ದಾರಿಯ ಬಸ್ಸಿಗೆ ನಾನು ಡ್ರೈವರು, ಅದು ನಾಲ್ಕರಲ್ಲಿ ಎಲ್ಲಕ್ಕಿಂತ ಹಳೆಯದು.

ಮೇಷ್ಟ್ರು ನನ್ನ ಪಕ್ಕದ ಕೊಕ್ಕೆಗೆ ಜಾಡಿ ನೇತುಹಾಕಿ ಎಂಜಿನ್ನಿಗೆ ಕೊಳವೆ ಕೊಡುತ್ತಿದ್ದರು. ಆಮೇಲೆ ಎಂಜಿನ್ನು ಟ್ಯಾಂಕಿನ ಬದಲು ಜಾಡಿಯಿಂದಲೇ ಕುಡಿಯಬೇಕು. ತಾವು ಸುಡುವ ಬಾನೆಟ್ಟಿನ ಮೇಲೆ ಗೋಣಿಚೀಲ ಮಡಿಸಿಕೊಂಡು ಕೂರುವರು. ಕುಲುಕಾಟಕ್ಕೆ ಬೀಳದಿರಲೆಂದು ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡಿದ್ದರು. ಮೈಲಿಕಲ್ಲು ಬಂದಾಗಲೆಲ್ಲ ಜಾಡಿ ನೋಡಿ, ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ಮುಟ್ಟಿಸಿ ಬರೆಯುವರು. ಮೊದಲ ದಿನ ಬಿಳಿಗೆರೆಯ ಒಬ್ಬ ಅಜ್ಜಿ ಹತ್ತಿದವಳೇ ಜಾಡಿ, ಕೊಳವೆ ಎರಡನ್ನೂ ನೋಡಿ, "ಯಾಕಪ್ಪಾ, ಬಸ್ಸಿಗೆ ಉಸಾರಿಲ್ವಾ? ಗ್ಲೂಕೋಸ್ ಏರ್ಸವ್ರೆ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.

ನನಗೆ ನಗು ಬರಲಿಲ್ಲ. ಹಿಂದಿನ ದಿನ ಸಾಹುಕಾರರು ಶೆಡ್ಡಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದರು: "ಮೇಷ್ಟ್ರು ಅಳ್ದು ಮುಗುಸ್ಲಿ. ಯಾವನು ಜಾಸ್ತಿ ಕುಡುಸ್ತಾನೋ ಅವ್ನು ಸ್ಟೇರಿಂಗ್ ಬುಟ್ಟು ಮನೇಗ್ ಹೋಗ್ಲಿ." ನನ್ನ ಹೆಂಡತಿಗೆ ದಿನ ತುಂಬಿತ್ತು. ಡ್ರೈವರಾಗಿ ಇನ್ನೂ ಎರಡು ವರ್ಷ. ಓದಿದ್ದು ನಾಲ್ಕನೇ ಕ್ಲಾಸು, ಬೇರೆ ಕೆಲಸ ಗೊತ್ತಿರಲಿಲ್ಲ.

ಇಳಿಜಾರು ಬಂದರೆ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಬಿಡುವುದು ನಮ್ಮೆಲ್ಲರ ಅಭ್ಯಾಸ. ಡೀಸೆಲ್ ಉಳಿಯುತ್ತದೆ ಎಂದು ಹಿರಿಯ ಡ್ರೈವರುಗಳು ಕಲಿಸಿದ್ದು. ಅಂದು ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆ. ಕಂದಿಕೆರೆ ಕಡೆಯ ಉದ್ದ ಇಳಿಜಾರಿನಲ್ಲಿ ಸ್ಟಾಪ್ ಹಿಡಿ ಎಳೆದು ಎಂಜಿನ್ನನ್ನೇ ಆರಿಸಿಬಿಟ್ಟೆ. ಒಳಗೆ ತುಂಬ ಜನ, ಟಾಪಿನ ಮೇಲೆ ತೆಂಗಿನಕಾಯಿ ಮೂಟೆ. ಬಸ್ಸು ಸದ್ದಿಲ್ಲದೆ ಇಳಿಯುತ್ತಿತ್ತು. ಜಾಡಿಯಲ್ಲಿ ಡೀಸೆಲ್ ಕದಲಲಿಲ್ಲ. ಗೆದ್ದೆ ಎಂದುಕೊಂಡೆ.

ತಿರುವಿನಲ್ಲಿ ಕುರಿಮಂದೆ ರಸ್ತೆ ದಾಟುತ್ತಿತ್ತು. ಬ್ರೇಕು ಒಂದು ಸಲ ಹಿಡಿಯಿತು, ಎರಡನೇ ಸಲ ಪೆಡಲು ಕಲ್ಲಾಯಿತು. ಎಂಜಿನ್ನು ಆರಿದರೆ ಬ್ರೇಕಿನ ಬಲವೂ ಹೋಗುತ್ತದೆ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ, ಭಯದಲ್ಲಿ ಮರೆತಿದ್ದೆ. ಸ್ಟಾಪ್ ಹಿಡಿಯನ್ನು ಒಳಗೆ ತಳ್ಳಿ, ಗೇರಿಗೆ ತುರುಕಿ, ಹ್ಯಾಂಡ್ ಬ್ರೇಕು ಎಳೆದೆ. ಬಸ್ಸು ಮುಗ್ಗರಿಸಿ ಮುಗ್ಗರಿಸಿ, ಕೊನೆಯ ಕುರಿಗೆ ಒಂದು ಮಾರು ಇರುವಂತೆ ನಿಂತಿತು. ಮೇಲಿನಿಂದ ಒಂದು ಮೂಟೆ ಬಿದ್ದು ಕಾಯಿಗಳು ಉರುಳಿದವು.

ಕುರಿಯವನು ಕಿಟಕಿಗೇ ಬಂದ. "ಕಣ್ ಎಲ್ಲಿ ಮಡಗಿದ್ಯಪ್ಪಾ?" ಎಂದ. ನನ್ನ ಕಣ್ಣು ಜಾಡಿಯ ಮೇಲಿತ್ತು.

ಮೇಷ್ಟ್ರು ಯಾರಿಗಾದರೂ ಪೆಟ್ಟಾಯಿತೇ ಎಂದು ಜನರನ್ನೆಲ್ಲ ವಿಚಾರಿಸಿ, ನನ್ನನ್ನು ರಸ್ತೆ ಬದಿಯ ತೆಂಗಿನಮರದ ಬುಡಕ್ಕೆ ಕರೆದುಕೊಂಡು ಹೋದರು. ಜಾಡಿ ತುಳುಕಿ ಅವರ ಅಂಗಿಯೆಲ್ಲ ಡೀಸೆಲ್ಲಾಗಿತ್ತು.

"ಬರ್ಕೊಂಬುಡಿ ಸಾ, ತಪ್ಪು ನಂದೇಯ" ಎಂದೆ. "ಮನೇಲಿ ದಿನ ತುಂಬೈತೆ, ಅದೊಂದೇ..."

ಅವರು ಹೇಳಿದರು: "ನಾನು ಅಳೆಯೋಕೆ ಬಂದೆ ಅಂತ ನೀವು ಹೆದರಿದಿರಿ. ಹೆದರಿಸಿ ಅಳೆದದ್ದು ಅಳತೇನಾ? ಅರ್ಧ ತಪ್ಪು ನಂದು." ಪುಸ್ತಕ ತೆಗೆದು ಪುಟದ ಮೇಲಿದ್ದ ನನ್ನ ಹೆಸರನ್ನು ರಬ್ಬರಿನಿಂದ ಉಜ್ಜಿದರು. "ಇನ್ಮೇಲೆ ಈ ಪುಸ್ತಕದಲ್ಲಿ ನೀವು ಬರೀ 'ಕ'. ಆದರೆ ಈ ಆಟ ಇನ್ನೊಂದು ಸಲ ಬೇಡ."

ಮಾರನೆಯ ದಿನ ಅದೇ ಇಳಿಜಾರು. "ಗೇರಲ್ಲೇ ಇರಲಿ, ಆಕ್ಸಿಲರೇಟರಿಂದ ಕಾಲು ತೆಗೀರಿ. ನೀವು ರಸ್ತೆ ನೋಡಿ, ಜಾಡಿ ನಾನು ನೋಡ್ಕೋತೀನಿ" ಎಂದರು. ಕೆಳಗೆ ಬಂದ ಮೇಲೆ ತೋರಿಸಿದರು, ಡೀಸೆಲ್ ಒಂದು ಗೆರೆಯೂ ಇಳಿದಿರಲಿಲ್ಲ. ವಾಪಸು ಹತ್ತಿ ನ್ಯೂಟ್ರಲ್ಲಿನಲ್ಲಿ ಬಂದು ನೋಡಿದರೆ, ಸುಮ್ಮನೆ ತಿರುಗುವ ಎಂಜಿನ್ನು ಕುಡಿದು ಡೀಸೆಲ್ ಇಳಿದಿತ್ತು.

"ಥೂ, ಇಷ್ಟು ವರ್ಸ ಸುಮ್ಸುಮ್ನೆ ಜೀವ ಕೈಲಿ ಹಿಡ್ಕಂಡ್ ಬಂದ್ವಲ್ಲಲಾ" ಎಂದ ನಮ್ಮ ಕಂಡಕ್ಟರು.

"ಬ್ಯಾಟರಿ ಬಸ್ಸು ಅಂತ ಒಂದು ಬರುತ್ತೆ, ನೋಡ್ತಿರಿ" ಎಂದರು ಮೇಷ್ಟ್ರು. "ಇಳಿಜಾರು ಕೊಡೋ ಶಕ್ತೀನ ಅದು ಬ್ಯಾಟರೀಲಿ ಹಿಡಿದಿಟ್ಟುಕೊಳ್ಳುತ್ತೆ."

"ಟಾರ್ಚಿನ ಸೆಲ್ಲಲ್ಲಿ ಬಸ್ ಓಡುಸ್ತಾರಂತೆ ಕಣ್ಲಾ" ಎಂದು ಕಂಡಕ್ಟರು ಊರೆಲ್ಲ ಹೇಳಿಕೊಂಡು ನಕ್ಕ.

ಆದರೆ ಕಡೆಯ ದಿನ ಬರಬೇಕಿತ್ತಲ್ಲ. ಶೆಡ್ಡಿನಲ್ಲಿ ಸಾಹುಕಾರರು ಕಾಫಿ ತರಿಸಿ, "ಯಾವನ್ ಸಾ? ಒಂದ್ ಹೆಸ್ರು ಹೇಳ್ಬುಡಿ" ಎಂದರು. ನಾನು ಟೈರಿನ ಪಕ್ಕ ನಿಂತಿದ್ದೆ. ಮೇಷ್ಟ್ರು ಪುಸ್ತಕವನ್ನೇ ಅವರ ಮುಂದಿಟ್ಟರು. ಹೆಸರಿನ ಜಾಗದಲ್ಲಿ ಬರೀ ಕ, ಖ, ಗ, ಘ.

"ಇದ್ರಲ್ಲಿ ಜಾಸ್ತಿ ಕುಡ್ಸಿರೋ 'ಕ' ಯಾರು?" ಎಂದರು ಸಾಹುಕಾರರು.

"ಮರೆತುಹೋಯ್ತು ಕಣ್ರೀ" ಎಂದರು ಒಂದೊಂದು ಮೈಲಿಕಲ್ಲಿನ ಅಳತೆಯನ್ನೂ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ. "ಟೈರಲ್ಲಿ ಗಾಳಿ ಇಲ್ಲ, ಫಿಲ್ಟರ್ ತುಂಬ ಧೂಳು, ಟಾಪ್ ಮೇಲೆ ಮಿತಿಮೀರಿ ಕಾಯಿ. ಮೊದಲು ಈ ಮೂರನ್ನ ಮನೆಗೆ ಕಳಿಸಿ."

ಸಾಹುಕಾರರು ಗೊಣಗಿದರು, ಆದರೆ ಮರುದಿನವೇ ಫಿಲ್ಟರು ಬಂತು. ಯಾರ ಕೆಲಸವೂ ಹೋಗಲಿಲ್ಲ. ನಾಲ್ಕು ದಿನಕ್ಕೆ ನನ್ನ ಮಗಳು ಹುಟ್ಟಿದಳು. ಅದೇ ಸ್ಟೇರಿಂಗು ಹಿಡಿದು ಅವಳನ್ನು ಓದಿಸಿದೆ. ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂದು ವರ್ಷ ತಡವಾಗಿ. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ಆ ಮಗಳ ಮಗಳು ಬ್ಯಾಟರಿ ಬಸ್ಸಿನ ಸಂಶೋಧನೆಗೆ ಸೇರಿದ್ದಾಳೆ. ಹೋದ ವಾರ ನನ್ನನ್ನೂ ಹತ್ತಿಸಿಕೊಂಡಳು. ಸಂತೋಷಕ್ಕೆ ನಾನು ಪಕ್ಕದವರಿಗೆಲ್ಲ, "ನನ್ ಮೊಮ್ಮಗಳು ಕಣ್ರೀ" ಎಂದು ಹೇಳಿದ್ದೇ ಹೇಳಿದ್ದು. ಇಳಿಜಾರಿನಲ್ಲಿ ಅವಳು ಲ್ಯಾಪ್‌ಟಾಪು ತಿರುಗಿಸಿ, "ನೋಡು ತಾತ, ಚಾರ್ಜ್ ಏರ್ತಾ ಐತೆ" ಎಂದಾಗ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ, ಡ್ರೈವರು ಹುಡುಗ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಓರೆಗಣ್ಣಿನಲ್ಲಿ ಅವಳ ಲ್ಯಾಪ್‌ಟಾಪನ್ನೇ ನೋಡುತ್ತಿದ್ದ.

"ಅವನ ಹೆಸರು ಬರ್ಕೊಂಡಿದ್ದೀಯೇನವ್ವಾ?" ಎಂದೆ.

"ಇಲ್ಲ ತಾತ. 'ಡ್ರೈವರ್ ಮೂರು' ಅಂತ ಅಷ್ಟೇ. ಹೆಸರು ಬರೆಯಂಗಿಲ್ಲ."

ಕಂಬಿ ಹಿಡಿದುಕೊಂಡು ಮುಂದೆ ಹೋಗಿ ಹುಡುಗನ ಭುಜ ಮುಟ್ಟಿದೆ. "ನೀನು ರಸ್ತೆ ನೋಡಪ್ಪಾ, ಜಾಡಿ ಅವಳು ನೋಡ್ಕೋತಾಳೆ" ಎಂದೆ.

ಜಾಡಿ ಏನೆಂದು ಅವನಿಗೆ ತಿಳಿಯಲಿಲ್ಲ. ಆದರೂ ಕೈ ಸಡಿಲವಾಯಿತು.