ಹೊನ್ನಮ್ಮ ಉರುಫ್ ಸರೋಜಮ್ಮ

ಟ್ರಂಕಿನ ತಳದಿಂದ ಹಳೆಯ ಕ್ರಯಪತ್ರ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ ಸ್ಟಾಂಪ್ ಪ್ಯಾಡಿನ ಮಸಿಯ ವಾಸನೆ ಬಂತು, ಆಮೇಲೆ ನಶ್ಯದ್ದು... ಇಷ್ಟು ವರ್ಷವಾದರೂ ಕಾಗದದಲ್ಲಿ ನಶ್ಯದ ವಾಸನೆ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಉಳಿಯುವುದಿಲ್ಲ, ನನಗೂ ಗೊತ್ತು. ಆದರೂ ಬಂತು. ಗುಬ್ಬಿಯ ಪತ್ರದಯ್ಯ ಕಣ್ಣ ಮುಂದೆ ಬಂದು ಕೂತರು.

ಯಾರನ್ನಾದರೂ ಕೂತು ನೆನೆಯುವ ತಾಳ್ಮೆ ಆ ದಿನ ನನಗಿರಲಿಲ್ಲ. ಹಿಂದಿನ ದಿನವಷ್ಟೇ ಎಂಬತ್ತರ ಹತ್ತಿರದ ಅವ್ವನನ್ನು ತುಮಕೂರಿನ ಉಪ್ಪಾರಹಳ್ಳಿಯ ಮನೆಯಿಂದ ಹೊರಡಿಸಿ, ಗುಬ್ಬಿಯ ರಿಜಿಸ್ಟ್ರಿ ಆಫೀಸಿನ ಮೆಟ್ಟಿಲು ಹತ್ತಿಸಿ, ಅದೇ ಮೆಟ್ಟಿಲು ಇಳಿಸಿಕೊಂಡು ವಾಪಸು ಬಂದಿದ್ದೆ. ಗುಬ್ಬಿಯ ಅಂಚಿನಲ್ಲಿ ಅವ್ವನ ಹೆಸರಿಗೆ ಒಂದು ಸೈಟಿದೆ. ಅದನ್ನು ಮಾರಿ, ಕುಣಿಗಲ್ಲಿನಲ್ಲಿರುವ ತಂಗಿಗೆ ಅವಳು ಬಾಡಿಗೆಗಿದ್ದ ಮನೆಯನ್ನೇ ಕೊಡಿಸಬೇಕೆಂಬುದು ಅವ್ವನ ಆಸೆ. ತಂಗಿಯ ಗಂಡ ತೀರಿಹೋಗಿ ಮೂರು ವರ್ಷ. ಆ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ನು, ಬಟ್ಟೆ ಕೊಡುವವರೆಲ್ಲ ಅದೇ ಬೀದಿಯ ಹೆಂಗಸರು. ಮನೆಯ ಮಾಲೀಕರು, "ಈ ತಿಂಗ್ಳು ಕೊನೆವರ್ಗೂ ಕಾಯ್ತೀನಿ ಕಣಮ್ಮ, ಅದ್ರ ಮೇಲೆ ಆಗಲ್ಲ" ಎಂದಿದ್ದರು. ನಮ್ಮ ಸೈಟಿಗೂ ಗಿರಾಕಿ ಸಿಕ್ಕಿದ್ದರು. ಎಲ್ಲ ಕೂಡಿಬಂದಿತ್ತು, ಅವ್ವ ಅವ್ವನೇ ಹೌದು ಎನ್ನುವುದೊಂದನ್ನು ಬಿಟ್ಟು.

ಮುಂಚೆಯೇ ಒಮ್ಮೆ ತೋರಿಸಿಬಿಡೋಣ ಎಂದು ಪತ್ರದ ಮೊದಲ ಪುಟದ ಹಳೇ ಜೆರಾಕ್ಸು, ಅವ್ವನ ಆಧಾರ್ ಕಾರ್ಡು ಒಯ್ದಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಪತ್ರದಲ್ಲಿ ಹೊನ್ನಮ್ಮ ಅಂತ ಐತೆ. ಆಧಾರಲ್ಲಿ ಸರೋಜಮ್ಮ. ಇವ್ರೇ ಅವ್ರು ಅನ್ನೋಕೆ ಏನ್ ಪ್ರೂಫ್ ಐತೆ ಮೇಡಂ?"

ಅವ್ವ ಮುಂದೆ ಬಾಗಿ, "ನಾನೇ ಕಣಮ್ಮ ಅದು" ಎಂದಳು.

"ನೀವೇ ಹೇಳಿದ್ರೆ ಆಗಲ್ಲ ಅಜ್ಜಿ. ಕಾಗದ ಹೇಳ್ಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿಯ ತಪ್ಪೇನೂ ಇಲ್ಲ, ಯಾರೋ ಯಾರದೋ ಸೈಟನ್ನು ಮಾರಿ ಹೋಗುವ ಕಾಲ ಇದು. ಹೈಸ್ಕೂಲಿನಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದ ನಾನೇ ಹೆಸರು ಹೊಂದುತ್ತಿಲ್ಲ ಎಂದು ಎಷ್ಟು ಅಪ್ಪಂದಿರನ್ನು ಬಿಸಿಲಲ್ಲಿ ವಾಪಸು ಕಳಿಸಿದ್ದೇನೋ. ಅದೆಲ್ಲ ಗೊತ್ತಿದ್ದೂ ಉರಿಯಿತು. ಯಾಕೆಂದರೆ ಆ ಹುಡುಗಿ ಹೇಳಿದ ಮಾತನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ, ಪತ್ರದಯ್ಯನ ಬಾಯಲ್ಲಿ.

ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಜಮೀನಿನ ಪತ್ರ, ಸೈಟಿನ ಪತ್ರ, ಪಾಲುಪಟ್ಟಿ ಬರೆಯುವವರು, ಹಾಗಾಗಿ ಪತ್ರದಯ್ಯ. ರಿಜಿಸ್ಟ್ರಿ ಆಫೀಸಿನ ಮುಂದಿನ ಹೊಂಗೆ ಮರದ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಮಸಿ ಪ್ಯಾಡು, ನಶ್ಯದ ಡಬ್ಬಿ. ಕನ್ನಡಕದ ಒಂದು ಕಡ್ಡಿ ಮುರಿದು ಆ ಕಡೆ ದಾರ ಕಟ್ಟಿಕೊಂಡಿದ್ದರು. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು. ಅಕ್ಕಪಕ್ಕದ ಪತ್ರ ಬರೆಯುವವರು ಎರಡು ಪತ್ರ ಮುಗಿಸುವ ಹೊತ್ತಿಗೆ ಇವರು ಒಂದರ ಮೊದಲ ಸಾಲಿನಲ್ಲೇ ಇರುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಅವರಿಗೆ ಕುಲಗೋತ್ರವೆಲ್ಲ ಗೊತ್ತಾಗಬೇಕು. ನಿಮ್ಮ ತವರು ಯಾವುದು, ಅಲ್ಲಿ ಯಾರಿದ್ದಾರೆ, ಚಿಕ್ಕಂದಿನಲ್ಲಿ ಏನೆಂದು ಕರೆಯುತ್ತಿದ್ದರು... ಅದರಲ್ಲೂ ಹೆಂಗಸರು ಬಂದರೆ ಮುಗಿಯಿತು. ತವರಿನ ಕಡೆಯವರೊಬ್ಬರು ಬಂದು ಎದುರಿಗೆ ಕೂತು ಹೌದು ಎನ್ನುವ ತನಕ ಒಂದಕ್ಷರ ಬರೆಯುತ್ತಿರಲಿಲ್ಲ.

ಆ ಸೈಟು ಬಂದದ್ದೂ ಅವ್ವನ ತವರಿನಿಂದಲೇ. ಹುಲಿಯೂರುದುರ್ಗದ ನಮ್ಮ ಸೋದರಮಾವ ತಮ್ಮ ತಂಗಿಯ ಪಾಲಿನದೆಂದು ಕೊಟ್ಟಿದ್ದ ದುಡ್ಡಿನಲ್ಲಿ ಅಪ್ಪ ಕೊಂಡದ್ದು. ಅವ್ವ ತವರಿನಲ್ಲಿ ಹೊನ್ನಮ್ಮ. ಚೇಳೂರಿನ ಹತ್ತಿರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯ ಹೆಸರೂ ಹೊನ್ನಮ್ಮನೇ ಆಗಿತ್ತು. ಅತ್ತೆಯ ಹೆಸರಿಟ್ಟುಕೊಂಡ ಸೊಸೆಯನ್ನು ಕೂಗುವುದು ಹೇಗೆ, ಬೈಯುವುದು ಹೇಗೆ? ಹೊಸಿಲು ದಾಟಿದ ದಿನವೇ ಅವಳನ್ನು ಸರೋಜಮ್ಮ ಮಾಡಿದರು. ನಮ್ಮ ಕಡೆ ಇದೇನು ಹೊಸದಲ್ಲ, ನಮ್ಮ ಬೀದಿಯಲ್ಲೇ ಹೀಗೆ ಎರಡು ಹೆಸರಿನ ಸೊಸೆಯರು ಮೂವರಿದ್ದರು. ರೇಷನ್ ಕಾರ್ಡಿನಲ್ಲೂ ಓಟಿನ ಚೀಟಿಯಲ್ಲೂ ಸರೋಜಮ್ಮನೇ ಕೂತಳು. ಸೈಟು ಕೊಳ್ಳುವಾಗ ಮಾತ್ರ ಮಾವ, "ನಮ್ಮಪ್ಪ ಇಟ್ಟ ಹೆಸ್ರಲ್ಲೇ ಮಾಡ್ಸಿ ಭಾವ" ಎಂದು ಪಟ್ಟು ಹಿಡಿದರು. ಅವತ್ತು ಗುಬ್ಬಿಗೆ ಹೊರಟಾಗ ಅವ್ವ ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಟಿದ್ದಳು.

ಪತ್ರದಯ್ಯ ಅವಳನ್ನು ಎದುರಿಗೆ ಕೂರಿಸಿಕೊಂಡು, "ನಿನ್ ಹೆಸ್ರು ಹೇಳವ್ವ" ಎಂದರು.

ಅವ್ವ ಮಾವನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಯಾವ್ದು ಹೇಳ್ಲಿ ಅಯ್ಯ?"

"ಎರಡೂ ಹೇಳವ್ವ. ಕಾಗದದಲ್ಲಿ ಜಾಗ ಬೇಕಾದಷ್ಟೈತೆ."

ಬರೆದು ಮುಗಿಸಿ ಓದಿ ಹೇಳಿದರು. ಹೊನ್ನಮ್ಮ ಉರುಫ್ ಸರೋಜಮ್ಮ... ಅಲ್ಲಿಗೆ ನಾನು ಬಾಯಿ ಹಾಕಿದೆ. ಆಗಷ್ಟೇ ಬಿ.ಎಡ್. ಮುಗಿಸಿದ್ದ ಕಾಲ, ಲೋಕವೆಲ್ಲ ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು ಎನ್ನುವಷ್ಟು ಕೊಬ್ಬು. ಉರುಫ್ ಎನ್ನುವುದನ್ನು ನಾನು ನೋಡಿದ್ದು ಪೇಪರಿನಲ್ಲಿ, ಸರಗಳ್ಳರ ಹೆಸರಿನ ಜೊತೆಗೆ. ನಮ್ಮವ್ವ ಏನು ಕಳ್ಳಿಯೇ? ಅದೂ ಅಲ್ಲದೆ, ಜೀವಮಾನದಲ್ಲಿ ಒಂದು ಕಡೆಯಾದರೂ ಅವಳ ಸ್ವಂತ ಹೆಸರು ಒಂಟಿಯಾಗಿ, ನೆಟ್ಟಗೆ ನಿಲ್ಲಲಿ ಎಂದು ನನಗಿತ್ತು. ಅತ್ತೆ ಮನೆಯವರು ಅಂಟಿಸಿದ್ದನ್ನು ಅಲ್ಲಿಗೂ ಎಳೆದು ತರುವುದೇಕೆ? ಇದನ್ನೆಲ್ಲ ನಾನು ಹೊಂಗೆ ಮರದ ಕೆಳಗೆ ಹತ್ತು ಜನರ ಮುಂದೆ ಗಟ್ಟಿಯಾಗಿಯೇ ಹೇಳಿದೆ.

"ಕಳ್ಳರಿಗೊಂದೇ ಅಲ್ಲ ಕಣವ್ವ, ಸೊಸೇರ್ಗೂ ಬರೀಬೇಕಾಯ್ತದೆ" ಎಂದರು ಅವರು. "ಇವತ್ತು ಇವ್ಳೇ ಅವ್ಳು ಅಂತ ಹೇಳೋಕೆ ನಿಮ್ ಮಾವ ಅವ್ರೆ, ನಿಮ್ಮಪ್ಪ ಅವ್ರೆ, ನಾನಿದೀನಿ. ನಾವೆಲ್ಲ ಹೋದ್ಮೇಲೆ ಕಾಗದ ಹೇಳ್ಬೇಕು. ಬುಡು, ಇರ್ಲಿ ಅದು."

ನಾನು ಬಿಡಲಿಲ್ಲ. ಅಪ್ಪನಿಗೆ ಮಗಳು ಓದಿದವಳೆಂಬ ಹೆಮ್ಮೆ. ಪತ್ರದಯ್ಯನ ಕೈಯ ಪೆನ್ನು ತೆಗೆದುಕೊಂಡು ಆ ಎರಡು ಪದಗಳನ್ನು ನಾನೇ ಹೊಡೆದುಹಾಕಿದೆ. ಒಂದು ಗೆರೆ ಎಳೆದಿದ್ದರೆ ಸಾಕಾಗಿತ್ತು, ಒಂದಕ್ಷರವೂ ಕಾಣದ ಹಾಗೆ ಗೀಚಿದೆ. ಪತ್ರದಯ್ಯ ಒಂದು ಚಿಟಿಕೆ ನಶ್ಯ ಏರಿಸಿ, ಪತ್ರ ಎಳೆದುಕೊಂಡು, ಕೊನೆಯ ಪುಟದ ಅಡಿಯಲ್ಲಿ ಸಣ್ಣಗೆ ಏನೋ ಬರೆದರು. "ಹೊಡ್ದಿದ್ದಕ್ಕೆ ಸಹಿ ಬೇಕು" ಎಂದು ಮಾರಿದವರದು, ಅವ್ವನದು, ನನ್ನದು ಹಾಕಿಸಿಕೊಂಡರು. ಗೆದ್ದವಳು ನಾನು, ಓದುವ ವ್ಯವಧಾನ ಎಲ್ಲಿಂದ ಬರಬೇಕು? ಹಾಕಿ ಎದ್ದೆ.

ಬಹಳ ವರ್ಷಗಳ ಮೇಲೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಬೆನ್ನು ಬಾಗಿತ್ತು, ಕನ್ನಡಕಕ್ಕೆ ಈಗ ಎರಡೂ ಕಡೆ ದಾರ. ನನ್ನನ್ನು ನಾನು ಹೇಳಿಕೊಳ್ಳುವ ಮೊದಲೇ ಗುರುತು ಹಿಡಿದರು.

"ಆಧಾರ್ ಮಾಡ್ಸುವಾಗ ಅವ್ವನ್ಗೆ ಯಾವ್ ಹೆಸ್ರು ಕೊಟ್ರಿ?"

"ಸರೋಜಮ್ಮ ಅಂತಲೇ ಅಯ್ಯ. ರೇಷನ್ ಕಾರ್ಡಲ್ಲಿ ಇದ್ದಿದ್ದೇ."

"ಒಂದ್ಸಲ ಆ ಪತ್ರ ತಗೊಂಡ್ ಬಾ ಮಗಾ. ನಾನಿರೋವಾಗ್ಲೇ ಒಂದು ಹೇಳಿಕೆ ಬರ್ದು ಸಹಿ ಹಾಕ್ಕೊಡ್ತೀನಿ."

"ಬರ್ತೀನಿ ಅಯ್ಯ, ಬಸ್ ಬಂತು" ಎಂದು ಓಡಿದೆ. ಬಂದದ್ದು ತುಮಕೂರಿನ ಬಸ್ಸೇ ಅಲ್ಲ. ಅವರು ಕಣ್ಮರೆಯಾಗುವವರೆಗೂ ಆ ಬಸ್ಸಿನ ಮರೆಯಲ್ಲಿ ನಿಂತಿದ್ದೆ. ಮುದುಕರು ಹಿಡಿದರೆ ಬಿಡುವುದಿಲ್ಲ ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಟ್ರಂಕಿನ ಮುಂದೆ ಕೂತು ಮೊದಲ ಪುಟದ ಆ ಮಸಿಯ ಮುದ್ದೆ ನೋಡಿದೆ. ಮುಂದಿನ ಪುಟ ತಿರುಗಿಸಲು ಮನಸ್ಸಾಗಲಿಲ್ಲ. ಮಾರನೆಯ ದಿನವೇ ಗುಬ್ಬಿಗೆ ಹೋದೆ. ಅಪ್ಪ ಇಲ್ಲ, ಮಾವ ಇಲ್ಲ, ಮಾರಿದವರೂ ಇಲ್ಲ. ಎರಡು ಹೆಸರನ್ನೂ ಬಲ್ಲವರು ಉಳಿದಿದ್ದರೆ ಪತ್ರದಯ್ಯ ಒಬ್ಬರೇ. ಅವ್ವನನ್ನು ಹತ್ತಿಸಿ ಇಳಿಸುವ ಗಡಿಬಿಡಿಯಲ್ಲಿ ಹಿಂದಿನ ಸಲ ಆ ಕಡೆ ನೋಡಿರಲಿಲ್ಲ. ಹೊಂಗೆ ಮರ ಇತ್ತು. ಮೇಜು ಇರಲಿಲ್ಲ, ಪಕ್ಕದಲ್ಲಿ ಒಂದು ಜೆರಾಕ್ಸ್ ಅಂಗಡಿ. ಒಳಗೆ ಟೈಪು ಮಾಡುತ್ತಿದ್ದ ಹೆಂಗಸು ಪತ್ರದಯ್ಯ ಎಂದ ಕೂಡಲೇ ತಲೆ ಎತ್ತಿದಳು. "ಅವ್ರು ಹೋಗಿ ನಾಲ್ಕು ವರ್ಷ ಆಯ್ತಲ್ಲಕ್ಕ. ಕೊನೆವರ್ಗೂ ಇಲ್ಲೇ ಬಂದು ಕೂತ್ಕಳೋರು. ಬರೆಸೋರು ಯಾರೂ ಇರ್ಲಿಲ್ಲ, ಆದ್ರೂ ಬರೋರು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದು ನಾನೇ. ಅವತ್ತು ಮರಕ್ಕೆ ಒರಗಿ ನಿಂತು ಅತ್ತೆ. ಅಳುವಿನಲ್ಲೂ ಸಿಟ್ಟು. ಇಷ್ಟು ಬಲ್ಲ ಮನುಷ್ಯ ಒಬ್ಬ ಕೊಬ್ಬಿದ ಹುಡುಗಿಯ ಮಾತಿಗೆ ಯಾಕೆ ಬಗ್ಗಬೇಕಿತ್ತು? ಕಪಾಳಕ್ಕೊಂದು ಕೊಟ್ಟು ಆಚೆ ಕೂರಿಸಬಾರದಿತ್ತೇ?

ತುಮಕೂರಿನ ವಕೀಲರೊಬ್ಬರ ಹತ್ತಿರ ಪತ್ರ ಒಯ್ದೆ. ಅವರು ಎಲ್ಲ ವಕೀಲರ ಹಾಗೆ ಹಿಂದಿನಿಂದ ಓದುವವರು. ಕೊನೆಯ ಪುಟದ ಅಡಿಗೆ ಕಣ್ಣು ಕೀಲಿಸಿ ನಗತೊಡಗಿದರು. "ಇದನ್ನ ಬರೆದ ಪುಣ್ಯಾತ್ಮ ಯಾರಮ್ಮ?" ಎಂದು ಪತ್ರ ನನ್ನ ಕಡೆ ತಿರುಗಿಸಿದರು. ಮುದ್ದಾದ ಸಣ್ಣ ಅಕ್ಷರ: "ಒಂದನೇ ಪುಟದ ಆರನೇ ಸಾಲಿನಲ್ಲಿ ಹೊನ್ನಮ್ಮ ಎಂಬ ಹೆಸರಿನ ಮುಂದೆ 'ಉರುಫ್ ಸರೋಜಮ್ಮ' ಎಂದು ಬರೆದಿದ್ದನ್ನು ಸದರಿಯವರ ಹಿರಿಯ ಮಗಳ ಒತ್ತಾಯದ ಮೇರೆಗೆ ಹೊಡೆದುಹಾಕಲಾಗಿದೆ. ಹೊಡೆದದ್ದು ಸರಿ." ಅದರ ಕೆಳಗೆ ಮೂರು ಸಹಿ. ಮೂರನೆಯದು ನನ್ನದು, ಬಾಲ ಎಳೆದು, ಎರಡು ಚುಕ್ಕಿ ಇಟ್ಟು.

ನಾನು ಮೊದಲ ಪುಟದಲ್ಲಿ ಮುಚ್ಚಿದ್ದನ್ನು ಪತ್ರದಯ್ಯ ಕೊನೆಯ ಪುಟದಲ್ಲಿ ನನ್ನ ಸಹಿಯ ಮೇಲೆಯೇ ಇಟ್ಟು ಹೋಗಿದ್ದರು.

ಆದರೂ ಅದೊಂದರಿಂದ ಕೆಲಸ ಮುಗಿಯಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ. "ಹೊಡೆದಿದ್ದು ಹೊಡೆದಿದ್ದೇ ಅಲ್ವಾ ಮೇಡಂ" ಎಂದರು ಆಫೀಸಿನವರು. ಇದರ ಆಧಾರದ ಮೇಲೆ ಅಫಿಡವಿಟ್ಟು, ಪೇಪರಿನಲ್ಲಿ ನೋಟಿಸು, ತಕರಾರು ಬರುತ್ತದೇನೋ ಎಂದು ಕಾಯುವುದು. ಅವ್ವ ನನ್ನ ಅವ್ವನೇ ಎನ್ನುವುದಕ್ಕೆ ಯಾರು ತಕರಾರು ಮಾಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಅಷ್ಟರಲ್ಲಿ ತಿಂಗಳು ಮುಗಿಯಿತು. ಗುಬ್ಬಿಯ ಗಿರಾಕಿ ಕಾಯಲು ಒಪ್ಪಿದರು. ಕುಣಿಗಲ್ಲಿನ ಮನೆಯ ಮಾಲೀಕರು ಹೇಳಿದ ಮಾತಿನಂತೆ ಮನೆಯನ್ನು ಬೇರೆಯವರಿಗೆ ಕೊಟ್ಟರು.

ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ. ತಂಗಿ ಮೆಷಿನ್ನನ್ನು ಹಳೇ ಸೀರೆಯಲ್ಲಿ ಸುತ್ತುತ್ತಾ, "ಬುಡಕ್ಕ, ಇನ್ನೊಂದ್ ಮನೆ ನೋಡಿದ್ರಾಯ್ತು" ಎಂದಳು. ಎದುರು ಮನೆಯ ಹೆಂಗಸು ಹೊಲಿಯಲು ಕೊಟ್ಟ ರವಿಕೆ ಕಣವನ್ನು ಹಾಗೆಯೇ ವಾಪಸು ತೆಗೆದುಕೊಂಡು ಹೋದಳು. ತಂಗಿ ನನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಆ ಪತ್ರದಲ್ಲಿ ಹೆಸರು ಹೊಡೆದುಹಾಕಿದವರು ಯಾರು ಎಂದು ಅವಳಿಗೆ ನಾನು ಇನ್ನೂ ಹೇಳಿಲ್ಲ.

ಮೊನ್ನೆ ಕೊನೆಗೂ ಸೈಟಿನ ರಿಜಿಸ್ಟ್ರಿಗೆ ಹೋದೆವು. ಅವ್ವನ ಸವೆದ ಹೆಬ್ಬೆಟ್ಟನ್ನು ಯಂತ್ರ ಮೂರನೇ ಸಲಕ್ಕೆ ಒಪ್ಪಿತು. ಅದೇ ಹುಡುಗಿ, ಅದೇ ಕುರ್ಚಿ. "ಹೆಸ್ರು ಹೇಳಿ ಅಜ್ಜಿ" ಎಂದಳು.

ಈ ಅಲೆದಾಟದಲ್ಲಿ ಅವ್ವನಿಗೆ ತನ್ನ ಹೆಸರು ಹೇಳುವುದೇ ಭಯವಾಗಿಹೋಗಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ, "ಯಾವ್ದು ಹೇಳ್ಲಿ ಮಗಾ?" ಎಂದಳು.

"ಎರಡೂ ಹೇಳವ್ವ" ಎಂದೆ.

ಹೇಳಿದಳು. ಹುಡುಗಿ ಟೈಪು ಮಾಡಿದ್ದನ್ನು ಪ್ರಿಂಟು ತೆಗೆದು, ಸರಿಯಾಗಿದೆಯಾ ನೋಡಿ ಎಂದು ನನಗೆ ಕೊಟ್ಟಳು. ಹೊನ್ನಮ್ಮ ಉರುಫ್ ಸರೋಜಮ್ಮ. ಈ ಸಲ ಮೊದಲ ಪುಟದಿಂದ ಕೊನೆಯ ಪುಟದ ಅಡಿಯ ತನಕ ಒಂದಕ್ಷರ ಬಿಡದೆ ಓದಿ, ಆಮೇಲೆ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ. ಹೊರಗೆ ಬಂದಾಗ ಅದನ್ನು ಪತ್ರದಯ್ಯನಿಗೆ ತೋರಿಸಬೇಕೆನ್ನಿಸಿತು. ಹೊಂಗೆ ಮರದ ಕೆಳಗೆ ಯಾರೋ ಬೈಕು ನಿಲ್ಲಿಸಿ ಹೋಗಿದ್ದರು.